ಶಾಸನದ ಫೋಟೋಗೆ ದುಬಾರಿ ಫ್ಲಾಶ್ ಬೇಕೇ?

ಹೋದ ವರ್ಷ ಮಳೆ ನಿಂತು ತಿರುಗಾಟ ಶುರುವಾಗುವ ಹೊತ್ತಿಗೆ ಮೂವರು ಗೆಳೆಯರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು. "ಶಾಸನದ ಫೋಟೋ ತೆಗೆಯೋಕೆ ಒಂದು ಫ್ಲಾಶ್ ತಗೋಬೇಕು ಅಂತಿದೀನಿ. ನಿಕಾನ್ ಎಸ್‌ಬಿ-700 ಸಾಕಾ, ಇಲ್ಲಾ ಎಸ್‌ಬಿ-5000ಕ್ಕೇ ಹೋಗ್ಲಾ?" ಕ್ಯಾನನ್ ಇಟ್ಟುಕೊಂಡವರದ್ದೂ ಇದೇ ಗೊಂದಲ, ಹೆಸರು ಮಾತ್ರ ಬೇರೆ: ಒಂದು ಕಡೆ 430ಇಎಕ್ಸ್ 3-ಆರ್‌ಟಿ, ಇನ್ನೊಂದು ಕಡೆ 600ಇಎಕ್ಸ್ 2-ಆರ್‌ಟಿ. ಎರಡೂ ಕಂಪನಿಗಳಲ್ಲಿ ಮೇಲಿನ ಮಾದರಿಯ ಬೆಲೆ ಮಧ್ಯಮ ಮಾದರಿಯ ಸುಮಾರು ಎರಡು ಪಟ್ಟು. ಸಂಬಳದ ದುಡ್ಡಲ್ಲಿ ಭಾನುವಾರ ಊರೂರು ಅಲೆಯುವವರಿಗೆ ಇದು ಸಣ್ಣ ಮಾತಲ್ಲ.

ಮದುವೆ ಫೋಟೋಗ್ರಾಫರ್‌ಗಳು ಇದಕ್ಕೆ ಕೊಡುವ ಉತ್ತರ ಬೇರೆ, ಶಾಸನ ಓದುವವರಿಗೆ ಬೇಕಾದ ಉತ್ತರ ಬೇರೆ. ಅಂತರ್ಜಾಲದಲ್ಲಿ ಸಿಗುವ ಸಲಹೆಯೆಲ್ಲ ಮುಖಕ್ಕೆ ಬೆಳಕು ಹೇಗೆ ಬೀಳಬೇಕು ಅನ್ನುವುದರ ಬಗ್ಗೆ. ನಮಗೆ ಬೇಕಾಗಿರುವುದು ಹೇಗೆ ನೆರಳು ಬೀಳಬೇಕು ಅನ್ನುವುದು.

ಮೊದಲು ನನ್ನದೇ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಕೆರೆ ಏರಿಯ ಪಕ್ಕದ ಗುಡಿಯ ಮುಂದೆ ಒಂದು ದಾನಶಾಸನ ನೋಡಿದೆ. ಸವೆದ ಗ್ರಾನೈಟ್ ಕಲ್ಲು, ಇಪ್ಪತ್ತರ ಆಸುಪಾಸು ಸಾಲು. ಆವತ್ತು ನನ್ನ ಕೈಯಲ್ಲಿದ್ದದ್ದು ಗೆಳೆಯನಿಂದ ಕಡ ತಂದ, ಆ ಕಾಲಕ್ಕೆ ಅತ್ಯಂತ ದುಬಾರಿ ಫ್ಲಾಶ್. ಕ್ಯಾಮೆರಾದ ತಲೆ ಮೇಲೆ ಕೂರಿಸಿ ನೇರವಾಗಿ ಹತ್ತು ಫೋಟೋ ಹೊಡೆದು ಬಂದೆ. ಸ್ಕ್ರೀನಿನಲ್ಲಿ ಎಲ್ಲವೂ ಬೆಳ್ಳಗೆ ಚೆನ್ನಾಗಿಯೇ ಕಂಡಿತು. ಓದಲು ಕಳಿಸಿದ ಮೇಷ್ಟ್ರು ಮಾರನೆಯ ದಿನ ಫೋನ್ ಮಾಡಿ, "ಏನ್ರೀ ಇದು, ಕಲ್ಲಿಗೆ ಸುಣ್ಣ ಬಳಿದ ಹಾಗಿದೆಯಲ್ಲ, ಅಕ್ಷರ ಎಲ್ರೀ?" ಅಂದರು. ಮತ್ತೆ ಹೋದರಾಯಿತು ಅಂತ ಎರಡು ತಿಂಗಳು ತಳ್ಳಿದೆ. ಹೋಗುವಷ್ಟರಲ್ಲಿ ಗುಡಿಯ ಜೀರ್ಣೋದ್ಧಾರ ನಡೆದಿತ್ತು. ಕಲ್ಲನ್ನು ಭಕ್ತಿಯಿಂದಲೇ ಎತ್ತಿ ಹೊಸ ಜಗಲಿಗೆ ನಿಲ್ಲಿಸಿ ಬುಡಕ್ಕೆ ಕಾಂಕ್ರೀಟ್ ಹಾಕಿದ್ದರು. ಕೆಳಗಿನ ಮೂರು ಸಾಲು ಅದರೊಳಗೆ ಹೋಗಿತ್ತು. ಆ ಮೂರು ಸಾಲಿಗೆ ಈಗ ನನ್ನ ಸುಣ್ಣ ಬಳಿದ ಫೋಟೋವೇ ಗತಿ, ಅದರಲ್ಲಿ ಏನೂ ಕಾಣುವುದಿಲ್ಲ.

ಹಾಗಾಗಿ ಈ ಫ್ಲಾಶ್ ವಿಚಾರ ಬರೀ ಸಾಮಾನು ಕೊಳ್ಳುವ ವಿಚಾರ ಅಂತ ನನಗೆ ಅನ್ನಿಸುವುದಿಲ್ಲ. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ'ದ ಮೊದಲ ಸಂಪುಟ ಬಂದದ್ದು 1886ರಲ್ಲಿ, ಬೆಂಗಳೂರು ಜಿಲ್ಲೆಯ ಒಂಬತ್ತನೆಯ ಸಂಪುಟ 1905ರಲ್ಲಿ. ಆ ಪುಟಗಳಲ್ಲಿ ಪಾಠ ಇರುವ ಎಷ್ಟೋ ಕಲ್ಲುಗಳು ಇವತ್ತು ಇದ್ದ ಜಾಗದಲ್ಲಿ ಇಲ್ಲ. ನೀವು ಇವತ್ತು ತೆಗೆಯುವ ಫೋಟೋ ಕೊನೆಯ ಪ್ರತಿ ಆಗಿಬಿಡಬಹುದು.

ಓರೆ ಬೆಳಕು ಅಂದರೆ ಎಷ್ಟು ಓರೆ?

ಶಾಸನದ ಅಕ್ಷರ ಅಂದರೆ ಬಣ್ಣವಲ್ಲ, ತಗ್ಗು. ಕಲ್ಲು ಎಲ್ಲ ಕಡೆ ಒಂದೇ ಬಣ್ಣ. ಕ್ಯಾಮೆರಾ ಇರುವ ದಿಕ್ಕಿನಿಂದಲೇ ಬೆಳಕು ಬಿದ್ದರೆ ತಗ್ಗಿನ ತಳಕ್ಕೂ ಮೇಲ್ಮೈಗೂ ಒಂದೇ ಸಮ ಬೆಳಕು, ನೆರಳಿಲ್ಲ, ಅಕ್ಷರವೂ ಇಲ್ಲ. ತಲೆ ಮೇಲೆ ಕೂತ ಫ್ಲಾಶ್ ಮಾಡುವುದು ಇದನ್ನೇ. ಅದು ಐದು ಸಾವಿರದ್ದಾದರೂ ಅಷ್ಟೆ, ಐವತ್ತು ಸಾವಿರದ್ದಾದರೂ ಅಷ್ಟೆ.

ಬೆಳಕು ಕಲ್ಲಿನ ಮುಖವನ್ನು ಸವರಿಕೊಂಡು ಹೋಗಬೇಕು. ಸವೆದ ಅಕ್ಷರದ ಆಳ ಒಂದು ಮಿ.ಮೀ. ಅಂತ ಇಟ್ಟುಕೊಳ್ಳಿ. ಕಲ್ಲಿನ ಮುಖಕ್ಕೆ 45 ಡಿಗ್ರಿ ಕೋನದಲ್ಲಿ ಬೆಳಕು ಬಂದರೆ ಆ ತಗ್ಗಿನ ಅಂಚು ಚೆಲ್ಲುವ ನೆರಳು ಒಂದು ಮಿ.ಮೀ. ಉದ್ದ. ಅದೇ ಬೆಳಕನ್ನು 15 ಡಿಗ್ರಿಗೆ ಇಳಿಸಿದರೆ ನೆರಳು ಸುಮಾರು 3.7 ಮಿ.ಮೀ. ಅಂದರೆ ಗೆರೆಯ ಅಗಲವನ್ನು ಹೆಚ್ಚುಕಡಿಮೆ ತುಂಬುವಷ್ಟು. ಅಲ್ಲಿಯವರೆಗೆ ಕಾಣದಿದ್ದ ಅಕ್ಷರ ಕಪ್ಪಾಗಿ ಎದ್ದು ನಿಲ್ಲುತ್ತದೆ. ಇನ್ನೂ ಇಳಿಸಿ 5 ಡಿಗ್ರಿಗೆ ತಂದರೆ? ಒರಟು ಗ್ರಾನೈಟಿನ ಒಂದೊಂದು ಹರಳೂ ತನ್ನದೇ ನೆರಳು ಚೆಲ್ಲಿ ಇಡೀ ಕಲ್ಲು ಗೊಜ್ಜಾಗುತ್ತದೆ. ನುಣುಪಾದ ಬಳಪದ ಕಲ್ಲಾದರೆ ಅಷ್ಟು ಕೆಳಗೆ ಇಳಿಯಬಹುದು, ಗ್ರಾನೈಟಿಗೆ 15ರಿಂದ 25 ಡಿಗ್ರಿ ನಾನು ಇಷ್ಟಪಡುವ ಜಾಗ.

ಹಳಬರು ಇದಕ್ಕೆ ಬಿಸಿಲು ಕಾಯುತ್ತಿದ್ದರು. ಬೆಳಗಿನ ಅಥವಾ ಇಳಿಹೊತ್ತಿನ ಬಿಸಿಲು ಓರೆಯಾಗಿ ಬೀಳುವ ಅರ್ಧ ಗಂಟೆಯಲ್ಲಿ ಕಣ್ಣಿಗೇ ಸಾಲುಗಳು ಕಾಣುತ್ತವೆ. ಆದರೆ ಬಿಸಿಲು ನಿಮ್ಮ ಮಾತು ಕೇಳುವುದಿಲ್ಲ. ಉತ್ತರಕ್ಕೆ ಮುಖ ಮಾಡಿದ ಕಲ್ಲಿನ ಮುಖಕ್ಕೆ ನಮ್ಮ ನಾಡಿನಲ್ಲಿ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ನೇರ ಬಿಸಿಲೇ ಬೀಳುವುದಿಲ್ಲ. ನಾವು ತಿರುಗಾಡುವುದು ಸರಿಯಾಗಿ ಅದೇ ತಿಂಗಳುಗಳಲ್ಲಿ! ಮಂಟಪದ ಒಳಗಿನ ಕಂಬಕ್ಕೆ ಬರೆದ ಶಾಸನಕ್ಕಂತೂ ವರ್ಷವಿಡೀ ಬಿಸಿಲಿಲ್ಲ. ಮಸಿ ಹಚ್ಚಿ ಕಾಗದದ ಮೇಲೆ ಅಚ್ಚು ತೆಗೆಯುವುದು ಇಂದಿಗೂ ಒಳ್ಳೆಯ ವಿಧಾನವೇ, ಆದರೆ ಅದಕ್ಕೆ ಪಳಗಿದ ಕೈ ಬೇಕು, ಅನುಮತಿಯೂ ಬೇಕು. ಹವ್ಯಾಸಿಗಳು ಮಾಡಬಾರದ ಕೆಲಸ ಅಂತಲೇ ನನ್ನ ಅಭಿಪ್ರಾಯ. ಸೀಮೆಸುಣ್ಣ ಉಜ್ಜುವುದು, ಮೈದಾಹಿಟ್ಟು ಹಚ್ಚುವುದು, ಎಣ್ಣೆ ಸವರುವುದು ಇವಂತೂ ಬೇಡವೇ ಬೇಡ. ಸೀಮೆಸುಣ್ಣ ಹಚ್ಚಿದವನು ತಾನು ಓದಿದ್ದನ್ನು ಕಲ್ಲಿನ ಮೇಲೆ ಬರೆದಿರುತ್ತಾನೆ, ಮುಂದಿನವನಿಗೆ ಕಾಣುವುದು ಕಲ್ಲಲ್ಲ, ಅವನ ಊಹೆ.

ಬೆಳಕಿನ ದಿಕ್ಕಿನ ಬಗ್ಗೆ ಇನ್ನೊಂದು ಮಾತು, ಇದನ್ನು ಹೊಸಬರು ಬಹಳ ಸಲ ಮರೆಯುತ್ತಾರೆ. ಎಡಗಡೆಯಿಂದ ಬೆಳಕು ಬಿಟ್ಟರೆ ಲಂಬ ಗೆರೆಗಳು ಎದ್ದು ಕಾಣುತ್ತವೆ, ಅಡ್ಡ ಗೆರೆಗಳು ಮಾಯವಾಗುತ್ತವೆ, ಯಾಕೆಂದರೆ ಬೆಳಕು ಆ ತಗ್ಗಿನ ಉದ್ದಕ್ಕೇ ಹರಿದುಹೋಗುತ್ತದೆ. ಮೇಲಿನಿಂದ ಬಿಟ್ಟರೆ ತದ್ವಿರುದ್ಧ. ತಲೆಕಟ್ಟು ಬೇಕಾದರೆ ಮೇಲಿನ ಬೆಳಕು ಬೇಕು, ಅಕ್ಷರದ ಪಕ್ಕದ ಗೆರೆ ಬೇಕಾದರೆ ಪಕ್ಕದ ಬೆಳಕು. ಸೊನ್ನೆಯ ಕಷ್ಟ ಇನ್ನೂ ದೊಡ್ಡದು. ಅಕ್ಷರದ ಪಕ್ಕ ಇರುವುದು ಕಂಡರಿಸಿದ ಅನುಸ್ವಾರವೋ, ಗ್ರಾನೈಟಿನ ಒಂದು ಹರಳು ಉದುರಿ ಆದ ಕುಳಿಯೋ? ಒಂದೇ ಫೋಟೋದಲ್ಲಿ ಎರಡೂ ಒಂದೇ ಥರ ಕಪ್ಪು ಚುಕ್ಕೆ. ನಾಲ್ಕು ದಿಕ್ಕಿನಿಂದ ತೆಗೆದ ನಾಲ್ಕು ಫೋಟೋ ಪಕ್ಕಪಕ್ಕ ಇಟ್ಟರೆ ಉಳಿಯ ಗುರುತು ದುಂಡಗೆ ಒಂದೇ ಆಕಾರ ಕಾಯ್ದುಕೊಳ್ಳುತ್ತದೆ, ಉದುರಿದ ಕುಳಿ ಒಂದೊಂದರಲ್ಲಿ ಒಂದೊಂದು ರೂಪ ತಾಳುತ್ತದೆ.

ಅಂಕಿಗಳಲ್ಲಿ ಇದು ನೇರವಾಗಿ ಇತಿಹಾಸಕ್ಕೇ ತಟ್ಟುತ್ತದೆ. ೬ಕ್ಕೂ ೯ಕ್ಕೂ ಇರುವ ವ್ಯತ್ಯಾಸ ಕೆಳಗಿನ ಕೊಂಡಿಯ ತಿರುವು ಮಾತ್ರ. ಒಂದು ಶಾಸನದ ಶಕವರ್ಷ ೧೪೪೬ ಅಂತ ಓದಿದರೆ ಅದು ತಾರಣ ಸಂವತ್ಸರ, ೧೪೪೯ ಅಂತ ಓದಿದರೆ ಸರ್ವಜಿತು. ಸಂವತ್ಸರದ ಹೆಸರು ಅಳಿಸದೆ ಉಳಿದಿದ್ದರೆ ತಾಳೆ ನೋಡಿ ತಿದ್ದಿಕೊಳ್ಳಬಹುದು. ಅದೂ ಸವೆದಿದ್ದರೆ ಆ ಕೊಂಡಿಯೇ ಸಾಕ್ಷಿ, ಆ ಕೊಂಡಿ ಕಾಣುವುದು ಸರಿಯಾದ ದಿಕ್ಕಿನ ಬೆಳಕಿನಲ್ಲಿ ಮಾತ್ರ.

ಹಾಗಾಗಿ ಮೊದಲ ಖರ್ಚು ಫ್ಲಾಶಿನ ಮೇಲಲ್ಲ, ಅದನ್ನು ಕ್ಯಾಮೆರಾದಿಂದ ಇಳಿಸುವುದರ ಮೇಲೆ. ಅಂದರೆ ದೂರದಿಂದ ಫ್ಲಾಶ್ ಹೊತ್ತಿಸುವ ರೇಡಿಯೋ ಟ್ರಿಗರ್. ಇದಿಲ್ಲದ ದುಬಾರಿ ಫ್ಲಾಶ್ ನಮ್ಮ ಕೆಲಸಕ್ಕೆ ಬಾರದು.

ಶಕ್ತಿಯ ಲೆಕ್ಕ

ಈಗ ಮಧ್ಯಮವೋ ದುಬಾರಿಯೋ ಅನ್ನುವುದಕ್ಕೆ ಬರೋಣ. ಫ್ಲಾಶಿನ ಶಕ್ತಿಯನ್ನು ಗೈಡ್ ನಂಬರ್ ಅಂತ ಹೇಳುತ್ತಾರೆ. ಲೆಕ್ಕ ಸುಲಭ: ಗೈಡ್ ನಂಬರನ್ನು ಅಪರ್ಚರಿನಿಂದ ಭಾಗಿಸಿದರೆ ಎಷ್ಟು ಮೀಟರ್ ದೂರದವರೆಗೆ ಸರಿಯಾದ ಬೆಳಕು ಬೀಳುತ್ತದೆ ಅನ್ನುವುದು ಸಿಗುತ್ತದೆ. ಎಸ್‌ಬಿ-700ರ ಗೈಡ್ ನಂಬರ್ 28, ಎಸ್‌ಬಿ-5000ದ್ದು 34.5. ಎರಡೂ ಐಎಸ್‌ಒ 100ರಲ್ಲಿ, ಫ್ಲಾಶ್ ತಲೆಯ ಜೂಮ್ 35 ಮಿ.ಮೀ.ನಲ್ಲಿ ಇದ್ದಾಗ. ಇಲ್ಲೊಂದು ಎಚ್ಚರಿಕೆ. ಕ್ಯಾನನ್ 430ರ ಹೆಸರಿನಲ್ಲಿರುವ 43 ಎಂಬುದು 105 ಮಿ.ಮೀ. ಜೂಮಿನಲ್ಲಿ ಅಳೆದದ್ದು, 600ರ 60 ಎಂಬುದು 200 ಮಿ.ಮೀ. ಜೂಮಿನಲ್ಲಿ. ಗೋಡಾಕ್ಸ್ ಟಿಟಿ600 ಡಬ್ಬದ ಮೇಲೂ 60 ಅಂತಲೇ ಇದೆ, ಅದೂ 200 ಮಿ.ಮೀ.ನಲ್ಲಿ. ಬೆಳಕನ್ನು ಕಿರಿದಾಗಿ ಹಿಂಡಿದರೆ ಯಾವ ಫ್ಲಾಶಿನ ಅಂಕಿಯೂ ಏರುತ್ತದೆ. ಹಾಗಾಗಿ ನಿಕಾನಿನ 28ನ್ನೂ ಗೋಡಾಕ್ಸಿನ 60ನ್ನೂ ಪಕ್ಕಪಕ್ಕ ಇಟ್ಟು "ಅರೆ, ಅಗ್ಗದ್ದೇ ಎರಡರಷ್ಟು ಜೋರು" ಅಂತ ತೀರ್ಮಾನಿಸಬೇಡಿ.

28 ಮತ್ತು 34.5ರ ನಡುವಿನ ನಿಜವಾದ ಅಂತರ ಎಷ್ಟು? ಬೆಳಕು ಗೈಡ್ ನಂಬರಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಆದ್ದರಿಂದ ದುಬಾರಿಯದ್ದು ಕೊಡುವುದು ಸುಮಾರು ಒಂದೂವರೆ ಪಟ್ಟು ಬೆಳಕು. ಕ್ಯಾಮೆರಾದ ಭಾಷೆಯಲ್ಲಿ ಅರ್ಧ ಸ್ಟಾಪಿಗಿಂತ ಸ್ವಲ್ಪ ಜಾಸ್ತಿ. ಎರಡು ಪಟ್ಟು ದುಡ್ಡಿಗೆ ಒಂದೂವರೆ ಪಟ್ಟು ಬೆಳಕು. ಇದು ಎಲ್ಲಿ ಉಪಯೋಗಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಅಂತ ಒಂದು ಕಲ್ಲಿನ ಮುಂದೆ ನಿಂತೇ ನೋಡೋಣ.

ಒಂದು ಮೀಟರ್ ಅಗಲದ ಶಾಸನ. ಫ್ಲಾಶನ್ನು ಕಲ್ಲಿನ ಹತ್ತಿರದ ಅಂಚಿನಿಂದ ಒಂದೇ ಮೀಟರ್ ದೂರ ಇಟ್ಟರೆ ಆಚೆಯ ಅಂಚು ಎರಡು ಮೀಟರ್ ದೂರ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗ. ಸಾಲಿನ ಶುರುವಿನ ಅಕ್ಷರ ಬೆಳ್ಳಗೆ ಸುಟ್ಟುಹೋಗಿ ಕೊನೆಯ ಅಕ್ಷರ ಕತ್ತಲಲ್ಲಿ ಮುಳುಗುತ್ತದೆ. ಎಷ್ಟೋ ಶಾಸನದ ಫೋಟೋಗಳಲ್ಲಿ ಒಂದು ಪಕ್ಕ ಓದಲಾಗದೆ ಇರುವುದಕ್ಕೆ ಇದೇ ಕಾರಣ. ಫ್ಲಾಶನ್ನು ಹಿಂದಕ್ಕೆ ಒಯ್ದು ಹತ್ತಿರದ ಅಂಚಿಗೆ ಮೂರು ಮೀಟರ್, ದೂರದ ಅಂಚಿಗೆ ನಾಲ್ಕು ಮೀಟರ್ ಆಗುವಂತೆ ಇಡಿ. ಈಗ ಎರಡು ಅಂಚಿನ ನಡುವೆ ವ್ಯತ್ಯಾಸ 1.8 ಪಟ್ಟು ಮಾತ್ರ, ಒಂದು ಸ್ಟಾಪಿಗೂ ಕಡಿಮೆ. ಅಷ್ಟನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡಿಕೊಳ್ಳಬಹುದು. ಬೆಳಕಿನ ನಡುವನ್ನು ಕಲ್ಲಿನ ಮಧ್ಯಕ್ಕೆ ಗುರಿಯಿಡದೆ ದೂರದ ಅಂಚಿಗೆ ಗುರಿಯಿಟ್ಟರೆ ಇನ್ನಷ್ಟು ಸಮವಾಗುತ್ತದೆ. ಹಿಂದಕ್ಕೆ ಹೋದಾಗ ಬೆಳಕಿನ ಕೋನವೂ ಸಾಲಿನ ಶುರುವಿಗೂ ಕೊನೆಗೂ ಹೆಚ್ಚುಕಡಿಮೆ ಒಂದೇ ಆಗುತ್ತದೆ, ಇದು ಬೋನಸ್ಸು.

ಈ ಸಮತೆಗೆ ಬೆಲೆ ಕಟ್ಟಬೇಕಾದದ್ದು ಶಕ್ತಿಯಲ್ಲಿ. ಕಲ್ಲಿನ ನಡುವಿಗೆ ಮೂರೂವರೆ ಮೀಟರ್. 28ನ್ನು 8ರಿಂದ ಭಾಗಿಸಿದರೆ ಮೂರೂವರೆ, ಅಂದರೆ ಎಫ್/8ಕ್ಕೆ ಎಸ್‌ಬಿ-700 ಸರಿಯಾಗಿ ತಲುಪುತ್ತದೆ. ಆದರೆ ಇದು ಎದುರಿನಿಂದ ಬೆಳಕು ಬಿದ್ದಾಗ. 15 ಡಿಗ್ರಿ ಓರೆಯಲ್ಲಿ ಅದೇ ಬೆಳಕು ನಾಲ್ಕರಷ್ಟು ಜಾಗಕ್ಕೆ ಹರಡಿಕೊಳ್ಳುತ್ತದೆ, ಆಗ ಕಾಲು ಭಾಗ ಮಾತ್ರ. ಅದನ್ನು ತುಂಬಲು ಐಎಸ್‌ಒ 100ನ್ನು 400ಕ್ಕೆ ಏರಿಸಬೇಕು. ಅಂತೂ ಎಸ್‌ಬಿ-700, ಪೂರ್ಣ ಶಕ್ತಿ, ಎಫ್/8, ಐಎಸ್‌ಒ 400: ಕೆಲಸ ಆಯಿತು. ಇದೇ ಜಾಗದಲ್ಲಿ ಎಸ್‌ಬಿ-5000 ಇದ್ದಿದ್ದರೆ? ಐಎಸ್‌ಒ 400ರ ಬದಲು ಸುಮಾರು 250. ಇಂದಿನ ಯಾವುದೇ ಕ್ಯಾಮೆರಾದಲ್ಲಿ 250ಕ್ಕೂ 400ಕ್ಕೂ ಇರುವ ವ್ಯತ್ಯಾಸವನ್ನು ಕಲ್ಲಿನ ಫೋಟೋದಲ್ಲಿ ತೋರಿಸಿಕೊಡಿ ಅಂದರೆ ನನ್ನಿಂದಾಗದು.

ಅಂದಹಾಗೆ ಸ್ಥಳದಲ್ಲಿ ಕೋನಮಾಪಕ ಯಾರೂ ಹಿಡಿದು ನಿಲ್ಲುವುದಿಲ್ಲ. ಕಲ್ಲಿನ ನಡುವಿನಿಂದ ಪಕ್ಕಕ್ಕೆ ಮೂರೂವರೆ ಮೀಟರ್ ಅಳೆದು, ಅಲ್ಲಿಂದ ಮುಂದಕ್ಕೆ ಒಂದು ಮೀಟರಿಗೆ ಸ್ವಲ್ಪ ಕಡಿಮೆ ಬಂದು ಫ್ಲಾಶ್ ಹಿಡಿದರೆ ಅದೇ 15 ಡಿಗ್ರಿ. ನಾನು ಗಂಟು ಹಾಕಿದ ಒಂದು ನೂಲಿನ ಹಗ್ಗ ಚೀಲದಲ್ಲಿ ಇಟ್ಟುಕೊಂಡಿರುತ್ತೇನೆ.

ಈ ಲೆಕ್ಕಕ್ಕೆ ಒಂದು ಷರತ್ತಿದೆ, ಅದನ್ನು ಮುಚ್ಚಿಟ್ಟರೆ ನಿಮಗೆ ಮೋಸ ಮಾಡಿದಂತೆ. ಐಎಸ್‌ಒ ಏರಿಸಿದಾಗ ಫ್ಲಾಶಿನ ಬೆಳಕಿನ ಜೊತೆ ಹಗಲಿನ ಬೆಳಕೂ ಏರುತ್ತದೆ. ಮಂಟಪದ ಒಳಗೆ, ಮುಸ್ಸಂಜೆಯಲ್ಲಿ, ರಾತ್ರಿಯಲ್ಲಿ ತೊಂದರೆಯಿಲ್ಲ. ಬಯಲಲ್ಲಿ ಹಾಡಹಗಲು ಈ ಉಪಾಯ ನಡೆಯುವುದಿಲ್ಲ. ಸುಡುಬಿಸಿಲಿನಲ್ಲಿ ಐಎಸ್‌ಒ 100, ಶಟರ್ 1/200 ಇಟ್ಟರೆ ಅಪರ್ಚರ್ ಎಫ್/11 ಆಗಬೇಕು. ಎರಡು ಮೀಟರಿನಿಂದ, ಓರೆಯ ನಷ್ಟವನ್ನೂ ಸೇರಿಸಿ, ಬಿಸಿಲಿಗೆ ಬರೀ ಸಮ ನಿಲ್ಲಲು ಬೇಕಾದ ಗೈಡ್ ನಂಬರ್ 44. ಅಕ್ಷರ ಎದ್ದು ಕಾಣುವಷ್ಟು ಬಿಸಿಲನ್ನು ಮೀರಬೇಕಾದರೆ ಅದರ ಎರಡರಷ್ಟು, 88. ನಮ್ಮ ಹತ್ತಿರ ಇರುವುದು 28 ಅಥವಾ 34.5. ಎರಡೂ ಸೋಲುತ್ತವೆ. ದುಬಾರಿಯದ್ದು ಸ್ವಲ್ಪ ಮರ್ಯಾದೆಯಿಂದ ಸೋಲುತ್ತದೆ, ಅಷ್ಟೆ.

"ಹೈ ಸ್ಪೀಡ್ ಸಿಂಕ್ ಇದೆಯಲ್ಲ ಸಾರ್" ಅಂತ ಅಂಗಡಿಯವರು ಹೇಳುತ್ತಾರೆ. ಅದರಲ್ಲಿ ಫ್ಲಾಶ್ ಒಂದೇ ಸಲ ಮಿಂಚುವ ಬದಲು ತನ್ನ ಶಕ್ತಿಯನ್ನು ನೂರಾರು ಸಣ್ಣ ಮಿಂಚುಗಳಾಗಿ ಹಂಚಿಬಿಡುತ್ತದೆ. ಶಟರ್ ವೇಗ ಏರಿಸಿ ಬಿಸಿಲನ್ನು ಎಷ್ಟು ಕಡಿಮೆ ಮಾಡುತ್ತೀರೋ ಫ್ಲಾಶೂ ಅಷ್ಟೇ ಸೊರಗುತ್ತದೆ. ಹೂವಿನ ಫೋಟೋಗೆ, ಮದುಮಗಳ ಫೋಟೋಗೆ ಸರಿ. ಬಿಸಿಲನ್ನು ಸೋಲಿಸುವುದಕ್ಕಲ್ಲ.

ಬಯಲಿನ ಕಲ್ಲಿಗೆ ನನ್ನ ಉಪಾಯ ತಾಳ್ಮೆಯದ್ದು. ಸೂರ್ಯ ಮುಳುಗಿ ಕಾಲು ಗಂಟೆ ಕಾಯುವುದು. ಆಗ ಮಧ್ಯಮ ಫ್ಲಾಶ್ ರಾಜನ ಹಾಗೆ ಕೆಲಸ ಮಾಡುತ್ತದೆ. ಅಷ್ಟು ಹೊತ್ತು ನಿಲ್ಲಲು ಆಗದಿದ್ದರೆ ದೊಡ್ಡ ಕಪ್ಪು ಕೊಡೆ ಅಥವಾ ದಪ್ಪ ಕಪ್ಪು ಬಟ್ಟೆಯ ನೆರಳು ಮಾಡಿ, ಫ್ಲಾಶನ್ನು ಹತ್ತಿರ ತಂದು, ಕಲ್ಲನ್ನು ಐದಾರು ಸಾಲಿನ ತುಂಡುಗಳಾಗಿ ತೆಗೆಯುವುದು. ಪ್ರತಿ ತುಂಡಿನಲ್ಲೂ ಹಿಂದಿನದರ ಒಂದು ಸಾಲು ಸೇರಿರಲಿ, ಇಲ್ಲದಿದ್ದರೆ ಓದುವವರು ಸಾಲಿನ ಎಣಿಕೆ ತಪ್ಪುತ್ತಾರೆ.

ದುಬಾರಿಯದ್ದು ಗೆಲ್ಲುವ ಜಾಗ

ಹಾಗಾದರೆ ಮೇಲಿನ ಮಾದರಿ ದಂಡವೇ? ಹಾಗೇನಿಲ್ಲ. ಆದರೆ ಅದು ಗೆಲ್ಲುವುದು ಬೆಳಕಿನಲ್ಲಿ ಅಲ್ಲ, ಬೇರೆ ಕಡೆ.

ಒಂದು, ಸಂಪರ್ಕ. ಎಸ್‌ಬಿ-700 ದೂರದಿಂದ ಹೊತ್ತಿಕೊಳ್ಳುವುದು ಬೆಳಕಿನ ಸಂಕೇತ ನೋಡಿ. ಓರೆ ಬೆಳಕಿಗಾಗಿ ಫ್ಲಾಶನ್ನು ಕಂಬದ ಆಚೆ ಇಟ್ಟರೆ, ಬಿಸಿಲಲ್ಲಿ ಇಟ್ಟರೆ, ಅದರ ಕಣ್ಣಿಗೆ ಸಂಕೇತ ಕಾಣದೆ ಸುಮ್ಮನಿರುತ್ತದೆ. ಎಸ್‌ಬಿ-5000 ರೇಡಿಯೋದಲ್ಲಿ ಮಾತಾಡುತ್ತದೆ, ಗೋಡೆಯ ಆಚೆಗೂ ನಡೆಯುತ್ತದೆ. ಆದರೆ ಅದರ ರೇಡಿಯೋ ನಡೆಯಬೇಕಾದರೆ ಡಿ500, ಡಿ850ರಂಥ ಹೊಂದಿಕೆಯಾಗುವ ಕ್ಯಾಮೆರಾ ಬೇಕು, ಅದಕ್ಕೆ ಡಬ್ಲ್ಯುಆರ್-ಆರ್10 ಎಂಬ ಇನ್ನೊಂದು ಪುಟ್ಟ ಸಾಮಾನೂ ಬೇಕು. ನಿಮ್ಮದು ಹಳೆಯ ಡಿ7000 ಆದರೆ ಆ ದುಡ್ಡು ನೀರಿಗೆ ಹಾಕಿದಂತೆ. ಕ್ಯಾನನ್‌ನವರ ಪುಣ್ಯ, ಮಧ್ಯಮದ 430ಇಎಕ್ಸ್ 3-ಆರ್‌ಟಿಯಲ್ಲೇ ರೇಡಿಯೋ ಇದೆ. ಗೋಡಾಕ್ಸ್‌ನಲ್ಲಂತೂ ಅತಿ ಅಗ್ಗದ ಟಿಟಿ600ರ ಒಳಗೇ ರೇಡಿಯೋ ರಿಸೀವರ್ ಕೂತಿದೆ, ಟ್ರಿಗರ್ ಒಂದು ಬೇರೆ ಕೊಂಡರೆ ಸಾಕು.

ಟಿಟಿ600ರಲ್ಲಿ ಟಿಟಿಎಲ್ ಇಲ್ಲ, ಅಂದರೆ ಬೆಳಕನ್ನು ತಾನೇ ಅಳೆದು ಹೊಂದಿಸಿಕೊಳ್ಳುವ ಸೌಕರ್ಯ ಇಲ್ಲ ಅಂತ ಕೆಲವರು ಮೂಗು ಮುರಿಯುತ್ತಾರೆ. ಶಾಸನಕ್ಕೆ ಅದು ಇಲ್ಲದಿರುವುದೇ ಒಳ್ಳೆಯದು ಅನ್ನಬೇಕು. ಟಿಟಿಎಲ್ ಕಪ್ಪು ಕಲ್ಲನ್ನು ಬೂದು ಮಾಡಲು ಹೋಗಿ ಅತಿ ಬೆಳಕು ಸುರಿಯುತ್ತದೆ, ಹಿಂದೆ ಸುಣ್ಣದ ಗೋಡೆ ಇದ್ದರೆ ಬೆಳಕು ಕಡಿಮೆ ಮಾಡುತ್ತದೆ. ಕಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ. ಒಂದು ಸಲ ಕೈಯಾರೆ ಹೊಂದಿಸಿಕೊಂಡರೆ ನಾಲ್ಕೂ ದಿಕ್ಕಿನ ಫೋಟೋ ಒಂದೇ ಅಳತೆಯಲ್ಲಿ ಬರುತ್ತವೆ, ಹೋಲಿಸಲು ಅದೇ ಬೇಕಾದದ್ದು.

ಎರಡು, ದಣಿವು. ಪೂರ್ಣ ಶಕ್ತಿಯಲ್ಲಿ ಒಂದು ಸಲ ಮಿಂಚಿದ ಮೇಲೆ ಮತ್ತೆ ತುಂಬಿಕೊಳ್ಳಲು ನಾಲ್ಕು ಎಎ ಸೆಲ್ಲಿನ ಫ್ಲಾಶಿಗೆ, ಸೆಲ್ ಒಳ್ಳೆಯದಿದ್ದರೆ, ಎರಡು ಮೂರು ಸೆಕೆಂಡು ಬೇಕು. ನಾಲ್ಕು ಫೋಟೋಗೆ ಇದು ಲೆಕ್ಕಕ್ಕಿಲ್ಲ. ಆದರೆ ಆರ್‌ಟಿಐ ಮಾಡುವವರ ಕಥೆ ಬೇರೆ. ಮಾಹಿತಿ ಹಕ್ಕಿನ ಅರ್ಜಿಯಲ್ಲ, ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಶನ್ ಇಮೇಜಿಂಗ್. ಹ್ಯೂಲೆಟ್-ಪ್ಯಾಕರ್ಡ್ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ವಿಧಾನದಿಂದ ಬೆಳೆದದ್ದು. ಕ್ಯಾಮೆರಾ ಅಲುಗದೆ ಒಂದೇ ಕಡೆ ನಿಂತಿರುತ್ತದೆ, ಕಲ್ಲಿನ ಪಕ್ಕ ಹೊಳೆಯುವ ಗುಂಡು ಇಟ್ಟಿರುತ್ತಾರೆ, ಫ್ಲಾಶನ್ನು ಕೊಡೆಯ ಆಕಾರದಲ್ಲಿ ಸುತ್ತಲೂ ಒಯ್ಯುತ್ತಾ ನಲವತ್ತು ಐವತ್ತು ಫೋಟೋ ತೆಗೆಯುತ್ತಾರೆ. ಗುಂಡಿನ ಮೇಲಿನ ಮಿಂಚಿನ ಚುಕ್ಕೆಯಿಂದ ಬೆಳಕಿನ ದಿಕ್ಕನ್ನು ಸಾಫ್ಟ್‌ವೇರ್ ಲೆಕ್ಕಹಾಕುತ್ತದೆ. ಆಮೇಲೆ ಪರದೆಯ ಮೇಲೆ ಮೌಸ್ ಸರಿಸಿದರೆ ಬೆಳಕೂ ಸರಿಯುತ್ತದೆ, ಮನೆಯಲ್ಲಿ ಕೂತು ಆ ೬ರ ಕೊಂಡಿಯನ್ನು ಬೇಕಾದ ದಿಕ್ಕಿನಿಂದ ನೋಡಬಹುದು.

ಇದರಲ್ಲಿ ಫ್ಲಾಶ್ ಇರಬೇಕಾದ ದೂರ ಕಲ್ಲಿನ ಕರ್ಣದ ಎರಡರಿಂದ ನಾಲ್ಕು ಪಟ್ಟು. ಎರಡು ಮೀಟರ್ ಕರ್ಣದ ಕಲ್ಲಾದರೆ ಕನಿಷ್ಠ ನಾಲ್ಕು ಮೀಟರ್, ಅದೂ ಐವತ್ತು ಸಲ ಹೆಚ್ಚುಕಡಿಮೆ ಪೂರ್ಣ ಶಕ್ತಿಯಲ್ಲಿ. ಮಧ್ಯಮ ಫ್ಲಾಶ್ ಇಪ್ಪತ್ತು ಮೂವತ್ತಕ್ಕೆ ಕಾದುಹೋಗಿ, ತನ್ನನ್ನು ಕಾಪಾಡಿಕೊಳ್ಳಲು ನಿಧಾನವಾಗುತ್ತದೆ, ಕೆಲವು ನಿಂತೇಬಿಡುತ್ತವೆ. ಎಸ್‌ಬಿ-5000ರ ಒಳಗೆ ತಂಪು ಮಾಡುವ ವ್ಯವಸ್ಥೆ ಇಟ್ಟಿರುವುದು ಇಂಥ ಕೆಲಸಕ್ಕೇ. ಲಿಥಿಯಂ ಬ್ಯಾಟರಿಯ ಗೋಡಾಕ್ಸ್ ವಿ860 ಸರಣಿಯೂ ಒಂದೂವರೆ ಸೆಕೆಂಡಿನ ಆಸುಪಾಸಿನಲ್ಲಿ ತುಂಬಿಕೊಳ್ಳುತ್ತದೆ, ಎಎ ಸೆಲ್ಲುಗಳ ರಗಳೆಯೂ ಇಲ್ಲ. ದೊಡ್ಡ ಕಂಪನಿಗಳ ಮೇಲಿನ ಮಾದರಿಗೆ ಇದು ಒಳ್ಳೆಯ ಬದಲಿ.

ಮೂರು, ಧೂಳು ಮತ್ತು ಹನಿ. ಕ್ಯಾನನ್ 600ಕ್ಕೆ ಅದರ ತಡೆ ಇದೆ, 430ಕ್ಕೆ ಇಲ್ಲ. ಮಲೆನಾಡಿನಲ್ಲಿ ತಿರುಗುವವರು ಯೋಚಿಸಬೇಕಾದ ಮಾತು. ನಾನಂತೂ ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ ಫ್ಲಾಶಿಗೆ ಟೋಪಿ ಮಾಡುತ್ತೇನೆ.

ಕೊಳ್ಳುವ ಮುನ್ನ

ನನ್ನನ್ನು ಕೇಳಿದ ಮೂವರಿಗೂ ಕೊಟ್ಟ ಉತ್ತರ ಒಂದೇ ಆಗಿರಲಿಲ್ಲ. ಭಾನುವಾರ ಎರಡು ಮೂರು ಕಲ್ಲು ನೋಡುವ ಗೆಳತಿಗೆ ರೇಡಿಯೋ ಇರುವ ಮಧ್ಯಮ ಅಥವಾ ಅದಕ್ಕೂ ಅಗ್ಗದ ಫ್ಲಾಶ್, ಒಂದು ಟ್ರಿಗರ್, ಎರಡು ಜೊತೆ ಒಳ್ಳೆಯ ರೀಚಾರ್ಜ್ ಸೆಲ್, ಒಂದು ಹಗುರ ಸ್ಟ್ಯಾಂಡ್ ಅಂದೆ. ಉಳಿದ ದುಡ್ಡು ಪೆಟ್ರೋಲಿಗೆ. ಒಂದು ತಾಲೂಕಿನ ಶಾಸನಗಳನ್ನೆಲ್ಲ ಆರ್‌ಟಿಐ ಮಾಡಬೇಕೆಂದು ಹೊರಟ ಗೆಳೆಯನಿಗೆ ಮಾತ್ರ ವೇಗವಾಗಿ ತುಂಬಿಕೊಳ್ಳುವ, ಕಾಯದ ಫ್ಲಾಶ್ ತಗೋ, ಇಲ್ಲಿ ಉಳಿಸಿದರೆ ಸ್ಥಳದಲ್ಲಿ ಅಳುತ್ತೀಯ ಅಂದೆ. ಮೂರನೆಯವರು ಎರಡು ಮಧ್ಯಮ ಫ್ಲಾಶ್ ತಗೊಂಡು ಎರಡು ಪಕ್ಕ ಇಡಲಾ ಅಂದರು. ಬೇಡ. ಎರಡು ಕಡೆಯಿಂದ ಒಟ್ಟಿಗೆ ಬೆಳಕು ಬಿದ್ದರೆ ಒಂದರ ನೆರಳನ್ನು ಇನ್ನೊಂದು ಅಳಿಸುತ್ತದೆ, ಮತ್ತೆ ಸುಣ್ಣದ ಗೋಡೆಯೇ.

ಮೂರು ಆಯಾಮದ ಸ್ಕ್ಯಾನಿಂಗ್ ಬಂದಿರುವಾಗ ಇದೆಲ್ಲ ಯಾಕೆ ಅನ್ನುವವರೂ ಇದ್ದಾರೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ನಗರದ ಸುತ್ತಲಿನ ಶಾಸನಗಳನ್ನು ಹಾಗೆ ಸ್ಕ್ಯಾನ್ ಮಾಡುತ್ತಿರುವುದು ದೊಡ್ಡ ಕೆಲಸ, ಅದರ ಮುಂದೆ ನಮ್ಮ ಫ್ಲಾಶ್ ಆಟಿಕೆಯೇ. ಆದರೆ ಸ್ಕ್ಯಾನರ್ ಎಲ್ಲ ಊರಿಗೂ ನಾಳೆಯೇ ಬರುವುದಿಲ್ಲ. ಕಾಂಕ್ರೀಟ್ ಬರಬಹುದು.

ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಹೂಡಲು ಮುಂಚಿತ ಅನುಮತಿ ಬೇಕು. ಪೂಜೆ ನಡೆಯುವ ಗುಡಿಯಲ್ಲಿ ಅರ್ಚಕರನ್ನೂ ಊರಿನ ಹಿರಿಯರನ್ನೂ ಕೇಳದೆ ಫ್ಲಾಶ್ ಹೊಡೆಯಬೇಡಿ. ಹಳೆಯ ವರ್ಣಚಿತ್ರ ಇರುವ ಕಡೆ ಫ್ಲಾಶ್ ಚೀಲದಿಂದ ಹೊರಗೆ ಬರುವುದೇ ಬೇಡ. ಸ್ಟ್ಯಾಂಡಿಗೆ ಅನುಮತಿ ಸಿಗದಿದ್ದರೆ ಜೊತೆಗೆ ಬಂದವರ ಕೈಗೆ ಫ್ಲಾಶ್ ಕೊಡಿ. ಊರಿನ ಹುಡುಗರು ಸಿಕ್ಕರೆ ಇನ್ನೂ ಒಳ್ಳೆಯದು. ಒಮ್ಮೆ ಹಾಗೆ ಫ್ಲಾಶ್ ಹಿಡಿದ ಏಳನೆಯ ಕ್ಲಾಸಿನ ಹುಡುಗ ಕ್ಯಾಮೆರಾದ ಪರದೆ ನೋಡಿ, "ಅಣ್ಣಾ, ಇಲ್ಲಿ ನಮ್ಮೂರ ಹೆಸರೈತೆ!" ಅಂತ ಕೂಗಿದ. ದಿನಾ ಆಡುವ ಕಲ್ಲಿನಲ್ಲಿ ಅದುವರೆಗೆ ಅವನಿಗೆ ಅಕ್ಷರವೇ ಕಂಡಿರಲಿಲ್ಲ.

ಒಂದು ಸಣ್ಣ ಅಭ್ಯಾಸ ಮಾಡಿಕೊಳ್ಳಿ. ಪ್ರತಿ ಫೋಟೋದ ಮೂಲೆಯಲ್ಲಿ ಅಳತೆಪಟ್ಟಿಯ ಜೊತೆ, ಬೆಳಕು ಬಂದ ದಿಕ್ಕು ತೋರಿಸುವ ಒಂದು ಕಾಗದದ ಬಾಣ ಇರಲಿ. ಓದುವವರಿಗೆ ಕಳಿಸುವಾಗ ನಿಮ್ಮ ಕಣ್ಣಿಗೆ ಚೆಂದ ಕಂಡ ಒಂದನ್ನು ಮಾತ್ರ ಆರಿಸಿ ಕಳಿಸಬೇಡಿ, ನಾಲ್ಕನ್ನೂ ಕಳಿಸಿ, ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ, ಇಲ್ಲದಿದ್ದರೆ ಅದು ಫೋಟೋವನ್ನು ಹಿಂಡಿ ಸೊನ್ನೆಗಳನ್ನೆಲ್ಲ ನುಂಗಿಬಿಡುತ್ತದೆ.